ಕೆಂಪು ಕಾಣದ ಕಣ್ಣು

"ಸಾರ್, ಆ ಕತ್ತರಿ ಸ್ವಲ್ಪ ಕೆಳಗಿಡಿ," ಅಂದೆ.

ಮುಖ್ಯ ಅತಿಥಿಗಳ ಕೈ ರಿಬ್ಬನ್ ಹತ್ತಿರ ಹಾಗೇ ನಿಂತಿತು. ನಾಗಸ್ವರದವರು ಇನ್ನೊಂದು ಉಸಿರು ಊದಿ, ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿ ಸುಮ್ಮನಾದರು. ಹೆಬ್ಬಾಳದ ಫ್ಲೈಓವರ್ ಇಳಿದು ಏರ್‌ಪೋರ್ಟ್ ಕಡೆ ಹೋಗುವಾಗ ಸಿಗುವ ಆ ಹೊಚ್ಚಹೊಸ ಗ್ಯಾಲರಿಯ ಬಾಗಿಲಲ್ಲಿ ನಿಂತಿದ್ದ ರೇಷ್ಮೆ ಸೀರೆಗಳು, ಜುಬ್ಬಾಗಳು, ಮೊಬೈಲ್ ಎತ್ತಿ ಹಿಡಿದ ಕೈಗಳು ಎಲ್ಲಾ ನನ್ನ ಕಡೆ ತಿರುಗಿದವು. ತಿರುಗಲಿ ಬಿಡಿ. ನಾನು ಬಂದಿದ್ದೇ ಅದಕ್ಕೆ.

ಗ್ಯಾಲರಿ ಮಾಲೀಕ ಪ್ರದ್ಯುಮ್ನ ನಗುತ್ತಲೇ ಬಂದ. ಈ ಮನುಷ್ಯ ಕೋಪ ಬಂದಾಗಲೂ ನಗ್ತಾನೆ. ನನಗೆ ಅವನಲ್ಲಿ ಮೊದಲು ಹಿಡಿಸದೇ ಇದ್ದದ್ದೇ ಅದು.

"ನೀವು ನಿನ್ನೆ ಚೆಂಡುಹೂವಿನ ಬುಟ್ಟಿ ಹೊತ್ಕೊಂಡು ಬಂದಿದ್ರಿ, ಅಲ್ವಾ?"

"ಹೌದು. ಹೂವು ಚೆನ್ನಾಗಿದ್ವಲ್ಲ?"

"ಯಾರು ನೀವು?"

"ಮಹತಿ. ಆರ್.ಟಿ. ನಗರದಲ್ಲಿ ಬೇಕರಿ ಮೇಲೆ ನನ್ನ ಪತ್ತೇದಾರಿ ಆಫೀಸು. ಇವರು ವೀರಬಸಪ್ಪ, ನನ್ನ ಪಾರ್ಟ್ನರ್."

ವೀರಬಸಪ್ಪನವರು ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು. ಬಾಗಲಕೋಟೆಯಿಂದ ಬಂದು ಬಾಗಲಗುಂಟೆಯಲ್ಲಿ ಮನೆ ಮಾಡಿದವರು. ಬಾಗಲು ಬಿಟ್ಟು ಆಚೆ ಹೋಗಲೇ ಇಲ್ಲ ಅಂತ ನಾನು ರೇಗಿಸ್ತಿರ್ತೀನಿ. ಅವರು ಕೈ ಮುಗಿದು, ಹಾಗೇ ಬಾಗಿಲಿಗೆ ಅಡ್ಡ ನಿಂತರು. ಮೀಸೆಗೆ ಅಷ್ಟು ಬೆಲೆ ಇನ್ನೂ ಇದೆ.

"ಮತ್ತೆ ಇವರನ್ನ ನಿಮಗೆ ಪರಿಚಯ ಮಾಡ್ಕೊಡೋ ಅಗತ್ಯ ಇಲ್ಲ," ಅಂತ ಪಕ್ಕಕ್ಕೆ ಸರಿದೆ.

ನನ್ನ ಹಿಂದೆ ಸತ್ಯವತಿ ನಿಂತಿದ್ದರು. ಎಂಬತ್ತು ದಾಟಿದ ಜೀವ, ಬಿಳಿ ಜಡೆ, ದಪ್ಪ ಕನ್ನಡಕ. ಚಿಕ್ಕಬಾಣಾವರದಿಂದ ಆಟೋದಲ್ಲಿ ಕೂತು ಬಂದು ಸುಸ್ತಾಗಿದ್ದರೂ ಬೆನ್ನು ಮಾತ್ರ ನೆಟ್ಟಗಿತ್ತು. ತೋಳು ಹಿಡಿದಿದ್ದವಳು ಅವರ ತಂಗಿಯ ಮೊಮ್ಮಗಳು ಪ್ರಿಯಂವದಾ. ನನ್ನ ಹತ್ತಿರ ಕೇಸು ತಂದವಳು ಅವಳೇ.

ಪ್ರದ್ಯುಮ್ನನ ನಗು ಅರೆಗಳಿಗೆ ಮಾಸಿ ಮತ್ತೆ ಬಂತು.

ಜಗಳ ಇಷ್ಟೇ. ಗ್ಯಾಲರಿಯ ಎದುರು ಗೋಡೆಯ ತುಂಬಾ ಒಂದು ಫೋಟೋ ಇದೆ. ಯಶವಂತಪುರ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಸೀಬೆಹಣ್ಣು ಮಾರುವ ಹೆಂಗಸೊಬ್ಬಳು ಬಾಯ್ತುಂಬಾ ನಗುತ್ತಿದ್ದಾಳೆ. ಈ ನಗು ಈಗ ಫೋನಿಂದ ಫೋನಿಗೆ ಹಾರಿ ಊರೆಲ್ಲಾ ಪ್ರಸಿದ್ಧಿ. ಇದನ್ನು 1958ರಲ್ಲಿ ತೆಗೆದದ್ದು ತನ್ನ ತಾತ, ಯಶವಂತಪುರದ ಸ್ಟುಡಿಯೋ ಮಾಲೀಕ ಸೇತುರಾಮಯ್ಯ ಅಂತ ಪ್ರದ್ಯುಮ್ನ ಹೇಳ್ತಾನೆ. ಅಲ್ಲ, ಸೇತುರಾಮಯ್ಯ ತೀರಿಹೋದ ಮೇಲೆ 1964ರಲ್ಲಿ ತೆಗೆದದ್ದು ತಾನು ಅಂತ ಸತ್ಯವತಿ ಹೇಳ್ತಾರೆ. ಇವತ್ತು ರಿಬ್ಬನ್ ಕತ್ತರಿಸಿದ ಮೇಲೆ ಅದೇ ಫೋಟೋ ಮುಖಪುಟಕ್ಕೆ ಹಾಕಿದ ಪುಸ್ತಕ ಬಿಡುಗಡೆ. ಒಂದು ಸಲ ಅಚ್ಚಾದ ಹೆಸರನ್ನ ಅಳಿಸೋರು ಯಾರು? ಸತ್ಯವತಿಗೆ ಬೇಕಾಗಿದ್ದದ್ದು ಆ ನಗುವಿನ ಕೆಳಗೆ ತನ್ನ ಹೆಸರು, ತಾನು ಕಣ್ಣು ಮುಚ್ಚೋದರೊಳಗೆ. ಬೇರೇನೂ ಅಲ್ಲ.

"ಅಮ್ಮಾ, ನೀವು ನಮ್ಮ ಸ್ಟುಡಿಯೋದಲ್ಲಿ ಫೋಟೋ ತಿದ್ದೋ ಟಚಿಂಗ್ ಕೆಲಸ ಮಾಡ್ತಿದ್ರಿ. ಗೌರವ ಇದೆ," ಅಂದ ಪ್ರದ್ಯುಮ್ನ. "ಆದ್ರೆ ಟಚಿಂಗ್ ಮಾಡಿದೋರೆಲ್ಲಾ ಫೋಟೋಗ್ರಾಫರ್ ಆಗಲ್ಲ. ಅಡುಗೆ ಬಡಿಸಿದೋರು ಅಡುಗೆ ಭಟ್ಟರಾ?"

ಹಿಂದೆ ಯಾರೋ ಕಿಸಕ್ಕಂದರು. ನನ್ನ ಪಿತ್ತ ನೆತ್ತಿಗೇರಿತು.

"ಪ್ರೊಫೆಸರ್ ಸಾರ್," ಅಂತ ಮುಖ್ಯ ಅತಿಥಿಗಳ ಕಡೆ ತಿರುಗಿದೆ. ಅವರ ಹೆಸರು ವಿರೂಪಾಕ್ಷ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. "ಬೆಳಕಿನ ಪಾಠ ಮಾಡಿದೋರು ನೀವು. ಹತ್ತು ನಿಮಿಷ ಕೊಡಿ. ನಾನು ಸುಳ್ಳು ಅಂತಾದ್ರೆ ನೀವು ಕತ್ತರಿಸಿ, ನಾನೇ ಚಪ್ಪಾಳೆ ಹೊಡೀತೀನಿ."

ಪ್ರೊಫೆಸರು ಕತ್ತರಿಯನ್ನ ತಟ್ಟೆಗಿಟ್ಟರು. "ಹತ್ತು ನಿಮಿಷಕ್ಕೆ ಆಕಾಶವೇನೂ ಬೀಳಲ್ಲ. ನಡೀರಿ," ಅಂದವರೇ ರಿಬ್ಬನ್ ಕೆಳಗೆ ಬಗ್ಗಿ ಒಳಗೆ ಹೋದರು. ಅವರ ಹಿಂದೆ ಇಡೀ ಗುಂಪು ಬಗ್ಗಿತು. ರೇಷ್ಮೆ ಸೀರೆಯವರು ಸೆರಗು ಹಿಡಿದು ಬಗ್ಗುವ ಚಂದ ನೋಡಬೇಕಿತ್ತು ನೀವು.

ಒಳಗೆ ಅಚ್ಚುಕಟ್ಟಾಗಿ ಜೋಡಿಸಿದ್ದ, ಸುಳ್ಳು ಯಾಕೆ ಹೇಳಲಿ. ಬೆಳ್ಳಿ ಬಳಿದ ತಾಮ್ರದ ತಗಡಿನ ಮೇಲೆ ಮೂಡಿದ ಪುಟ್ಟ ಮುಖಗಳು. ಆಮೇಲೆ ಗಾಜು. ಒದ್ದೆ ಗಾಜಿನ ಕಾಲದಲ್ಲಿ ಫೋಟೋ ತೆಗೆಯೋನು ಡೇರೆ, ಬಾಟ್ಲಿ, ಬಕೆಟ್ಟು ಎಲ್ಲಾ ಎತ್ತಿನ ಗಾಡೀಲಿ ಹೇರಿಕೊಂಡು ಹೋಗಬೇಕಿತ್ತಂತೆ. ಗಾಜು ಒಣಗೋದ್ರೊಳಗೆ ಕೆಲಸ ಮುಗೀಬೇಕು. ಆಮೇಲೆ ಒಣ ಗಾಜಿನ ಪ್ಲೇಟು, ಸುರುಳಿ ಫಿಲಂ, ಕಲರ್, ಕೊನೆಗೆ ಡಿಜಿಟಲ್. ಈಗೇನು, ಮಸಾಲೆ ದೋಸೆ ಆರಿಹೋದರೂ ಪರವಾಗಿಲ್ಲ, ಫೋಟೋ ಆಗಬೇಕು.

ನಾನು ಗಾಜಿನ ಪ್ಲೇಟಿನ ಗೋಡೆ ಹತ್ತಿರ ನಿಂತೆ.

"ಇಲ್ಲಿ ಎರಡು ಫೋಟೋ ನೋಡಿ. ಎಡಗಡೆದು 1955ರದ್ದು. ಯಶವಂತಪುರ ಪ್ಲಾಟ್‌ಫಾರಂ. ಸೇತುರಾಮಯ್ಯನವರೇ ತೆಗೆದದ್ದು, ಅದರಲ್ಲಿ ನಮಗೆ ತಕರಾರಿಲ್ಲ. ಬಲಗಡೆ ಅದೇ ಪ್ಲಾಟ್‌ಫಾರಂ, ಸೀಬೆಹಣ್ಣಿನ ನಗು, ಎದುರು ಗೋಡೆಯದರ ಚಿಕ್ಕ ಪ್ರತಿ. ಎರಡರಲ್ಲೂ ಒಬ್ಬ ಪೋರ್ಟರ್ ನಿಂತಿದ್ದಾನೆ. ಅವನ ಶರ್ಟ್ ಯಾವ ಬಣ್ಣ?"

"ಕಪ್ಪು ಬಿಳುಪು ಫೋಟೋದಲ್ಲಿ ಬಣ್ಣ ಕೇಳ್ತೀರಲ್ಲ ಮೇಡಂ," ಅಂತ ಪ್ರದ್ಯುಮ್ನ ನಕ್ಕ.

"ರೈಲ್ವೆ ಪೋರ್ಟರ್ ಶರ್ಟು ಕೆಂಪು. ಹಾಲು ಕುಡಿಯೋ ಮಗೂಗೂ ಗೊತ್ತು. ಆ ಕೆಂಪು ಎಡಗಡೆ ಹೇಗೆ ಬಂದಿದೆ?"

"ಕಪ್ಪಗೆ," ಅಂದರು ಪ್ರೊಫೆಸರು.

"ಬಲಗಡೆ?"

ಅವರು ಕನ್ನಡಕ ಹಣೆಗೇರಿಸಿ ಹತ್ತಿರ ಹೋದರು. "ಬೂದಿ ಬಣ್ಣ. ತಿಳಿಯಾಗಿದೆ."

"ಯಾಕೆ ಸಾರ್? ಕೆಂಪು ಒಂದೇ ಅಲ್ವಾ?"

ಪ್ರೊಫೆಸರರ ಮುಖದಲ್ಲಿ ಹಳೇ ಮೇಷ್ಟ್ರು ಎದ್ದು ಕೂತರು. ಸುತ್ತಲಿದ್ದವರಿಗೆಲ್ಲಾ ಪಾಠ ಶುರುವಾಯ್ತು. "ಮೊದಮೊದಲ ಪ್ಲೇಟುಗಳಿಗೆ ನೀಲಿ ಮಾತ್ರ ಕಾಣ್ತಿತ್ತು ಕಣ್ರೀ. ಆಮೇಲೆ ಹಸಿರು, ಹಳದಿ ಕಾಣೋ ಪ್ಲೇಟು ಬಂತು. ಅದಕ್ಕೆ ಆರ್ಥೋ ಅಂತಾರೆ. ಅದಕ್ಕೂ ಕೆಂಪು ಕಾಣಲ್ಲ. ಕಾಣದೇ ಇದ್ದದ್ದು ಫೋಟೋದಲ್ಲಿ ಕಪ್ಪಾಗುತ್ತೆ. ಕೊನೆಗೆ ಎಲ್ಲಾ ಬಣ್ಣ ಕಾಣೋ ಪ್ಲೇಟು ಬಂತು, ಪ್ಯಾನ್ ಅಂತ. ಅದರಲ್ಲಿ ಕೆಂಪು ತಿಳಿಯಾಗಿ ಬರುತ್ತೆ."

"ಅಂದ್ರೆ ಎಡಗಡೆ ಫೋಟೋ ಕೆಂಪು ಕಾಣದ ಪ್ಲೇಟು. ಬಲಗಡೆದು ಕೆಂಪು ಕಾಣೋ ಪ್ಲೇಟು. ಬೇರೆ ಪ್ಲೇಟು, ಬೇರೆ ಕೈ," ಅಂದೆ.

"ಶರ್ಟ್ ಮಾಸಿರಬಹುದಲ್ಲ?" ಪ್ರದ್ಯುಮ್ನ ಭುಜ ಹಾರಿಸಿದ. "ಬಡ ಪೋರ್ಟರು. ಬಿಸಿಲಲ್ಲಿ ಒಗೆದು ಒಗೆದು ಬಣ್ಣ ಹೋಗಿರುತ್ತೆ. ಇಷ್ಟಕ್ಕಾ ಇಷ್ಟು ಗಲಾಟೆ?"

ಒಂದಿಬ್ಬರು ತಲೆ ಆಡಿಸಿದರು. ಮಾತೇನೂ ತಪ್ಪಿರಲಿಲ್ಲ. ನಾನೂ ನಿನ್ನೆ ಹೂವಿನ ಬುಟ್ಟಿ ಇಟ್ಟುಕೊಂಡು ಅದನ್ನೇ ಯೋಚಿಸ್ತಾ ನಿಂತಿದ್ದೆ. ಆಗಲೇ ಇನ್ನೊಂದು ಕಣ್ಣಿಗೆ ಬಿದ್ದದ್ದು.

"ಸರಿ, ಶರ್ಟ್ ಬಿಡಿ. ಪೋರ್ಟರ್ ಪಕ್ಕದಲ್ಲಿ ಕಂಬದ ಹತ್ತಿರ ಏನಿದೆ?"

"ಪೋಸ್ಟ್ ಡಬ್ಬ," ಅಂದಳು ಪ್ರಿಯಂವದಾ.

"ಪೋಸ್ಟ್ ಡಬ್ಬದ ಮೈ ಕೆಂಪು. ಬುಡ?"

"ಕಪ್ಪು ಪಟ್ಟಿ!" ಗುಂಪಿನಲ್ಲಿ ಯಾರೋ ಕೂಗಿದರು.

"ಎಡಗಡೆ ಫೋಟೋದಲ್ಲಿ ಆ ಕಪ್ಪು ಪಟ್ಟಿ ತೋರಿಸಿ ನೋಡೋಣ."

ಯಾರಿಗೂ ಆಗಲಿಲ್ಲ. 1955ರ ಡಬ್ಬ ಅಡಿಯಿಂದ ಮುಡಿವರೆಗೆ ಒಂದೇ ಕಪ್ಪು, ಇದ್ದಿಲ ಮೂಟೆ ನಿಲ್ಲಿಸಿದ ಹಾಗೆ. ಬಲಗಡೆ ಫೋಟೋದಲ್ಲಿ ಅದೇ ಡಬ್ಬದ ಮೈ ಬೂದು, ಬುಡದಲ್ಲಿ ಕಪ್ಪು ಪಟ್ಟಿ ಗೆರೆ ಹೊಡೆದಷ್ಟು ಸ್ಪಷ್ಟ.

"ಪೋಸ್ಟ್ ಡಬ್ಬನೂ ಬಡವನಾ ಪ್ರದ್ಯುಮ್ನ? ಅದನ್ನೂ ಒಗೆದು ಒಗೆದು ಬಣ್ಣ ಹೋಯ್ತಾ?"

ಈ ಸಲ ಕಿಸಕ್ಕಂದವರು ನನ್ನ ಕಡೆಯವರು. ಅಬ್ಬಾ, ಎಷ್ಟು ಹಿತವಾಗಿತ್ತು ಅಂತೀರಿ!

ಪ್ರದ್ಯುಮ್ನ ಬಿಡೋ ಆಸಾಮಿಯಲ್ಲ. ಫೋಟೋವನ್ನ ಅವನು ಮೇಲಿಂದ ಕೆಳಗೆ ನೋಡಿದ. ಕಣ್ಣು ಹೆಂಗಸಿನ ಮುಖದ ಮೇಲೆ ನಿಂತಿತು. ತುಟಿ ಅಗಲವಾಯ್ತು. ಬಾ ಮಗನೇ ಬಾ, ಅಂದುಕೊಂಡೆ ಮನಸ್ಸಿನಲ್ಲೇ. ಆ ಮಾತು ನಿನ್ನ ಬಾಯಿಂದಲೇ ಬರಲಿ.

"ಪ್ರೊಫೆಸರ್ ಸಾರ್, ಇವರು ಹೇಳಿದ ಲೆಕ್ಕದಲ್ಲಿ ಈ ಪ್ಲೇಟಿಗೆ ಕೆಂಪು ಕಾಣಬೇಕು. ಕೆಂಪು ತಿಳಿಯಾಗಿ ಬರಬೇಕು. ಅಲ್ವಾ?"

"ಹೌದು."

"ಹಾಗಾದ್ರೆ ಈಕೆ ಹಣೆ ನೋಡಿ. ಕುಂಕುಮ! ಕಾಡಿಗೆ ಹಾಗೆ ಕಪ್ಪಗಿದೆ. ಕೆಂಪು ಕಾಣೋ ಪ್ಲೇಟಲ್ಲಿ ಕುಂಕುಮ ಯಾಕೆ ಕಪ್ಪಾಯ್ತು?" ಅವನು ಗುಂಪಿನ ಕಡೆ ತಿರುಗಿ ಕೈ ಚಾಚಿದ. "ಕುಂಕುಮ ಕಪ್ಪು ಅಂದ್ರೆ ಆರ್ಥೋ ಪ್ಲೇಟು. ಆರ್ಥೋ ಅಂದ್ರೆ ನಮ್ಮ ತಾತ. ಇವರ ಮಾತು ಇವರಿಗೇ ತಿರುಗುಬಾಣ ಆಯ್ತು!"

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಪ್ರೊಫೆಸರು ಫೋಟೋ ನೋಡಿದರು, ನನ್ನನ್ನ ನೋಡಿದರು. "ಇದು ಸರಿಯಾದ ಪ್ರಶ್ನೆನೇ ಅಮ್ಮ," ಅಂದರು. ಪ್ರಿಯಂವದಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ವೀರಬಸಪ್ಪನವರು ಬಾಗಿಲಿಂದಲೇ, "ಮೇಡಂ, ಸುಮ್ನ ನಿಂತ್ರ ಹ್ಯಾಂಗ್ರಿ?" ಅಂದರು.

ಅಷ್ಟರಲ್ಲಿ ಸತ್ಯವತಿ ನಗಲು ಶುರು ಮಾಡಿದರು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು.

"ಅಯ್ಯೋ ಪ್ರದ್ಯುಮ್ನ," ಅಂದರು ಸೆರಗಲ್ಲಿ ಕಣ್ಣೊರೆಸಿಕೊಂಡು. "ಅದು ಆ ಹೆಂಗಸಿನ ಕುಂಕುಮ ಅಲ್ಲಪ್ಪ. ಅದು ನಂದು."

"ಅಂದ್ರೆ?"

"ನಿಮ್ಮ ತಾತ ಇರೋವರೆಗೂ ತೊಂದ್ರೆ ಇರ್ಲಿಲ್ಲ. ಆರ್ಥೋ ಪ್ಲೇಟಲ್ಲಿ ಕುಂಕುಮ ತಾನಾಗೇ ಕಪ್ಪಗೆ ಎದ್ದು ಕಾಣ್ತಿತ್ತು. ಅವರು ಹೋದ ಮೇಲೆ ನಿಮ್ಮಜ್ಜಿ ಸ್ಟುಡಿಯೋ ಬೀಗದಕೈ ನನಗೆ ಕೊಟ್ರು. ನಿಮ್ಮಪ್ಪ ಇನ್ನೂ ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದ. ನಾನು ಹೊಸ ಪ್ಲೇಟು ತರಿಸ್ದೆ. ಮುಖ ಎಷ್ಟು ಚೆನ್ನಾಗಿ ಬರ್ತಿತ್ತು ಗೊತ್ತಾ, ಚರ್ಮ ಚರ್ಮದ ಹಾಗೇ! ಆದ್ರೆ ಕುಂಕುಮ ಚರ್ಮದ ಜೊತೆ ಸೇರ್ಕೊಂಡು ಮಾಯ. ಒಂದೇ ವಾರದಲ್ಲಿ ರಂಪ ಆಯ್ತು. ಒಬ್ಬರು ಸೊಸೆ ಫೋಟೋ ನೋಡಿ, ಮುತ್ತೈದೆ ಹಣೆ ಬೋಳು ಮಾಡಿದ್ದೀಯಲ್ಲೇ ಅಂತ ಸ್ಟುಡಿಯೋ ಬಾಗಿಲಲ್ಲೇ ನನಗೆ ಶಾಪ ಹಾಕಿದ್ರು."

ಸೀರೆಯುಟ್ಟವರೆಲ್ಲಾ ತಮಗರಿವಿಲ್ಲದೆ ಹಣೆ ಮುಟ್ಟಿಕೊಂಡರು.

"ಆಮೇಲೆ ಏನ್ ಮಾಡಿದ್ರಿ?" ಪ್ರೊಫೆಸರು ಕೇಳಿದರು.

"ಸೂಜಿ ತಗೊಂಡೆ. ನೆಗೆಟಿವ್ ಅಂದ್ರೆ ಎಲ್ಲಾ ಉಲ್ಟಾ ಅಲ್ವಾ ಸಾರ್? ಅದರಲ್ಲಿ ಹೆರೆದ ಜಾಗ ಬೆಳಕು ಬಿಡುತ್ತೆ, ಫೋಟೋದಲ್ಲಿ ಕಪ್ಪಾಗುತ್ತೆ. ಅವತ್ತಿಂದ ಸ್ಟುಡಿಯೋಗೆ ಬಂದ ಪ್ರತಿಯೊಬ್ಬ ಮುತ್ತೈದೆಗೂ ಕುಂಕುಮ ಹಚ್ಚಿದ ಕೈ ಇದೇ."

"ಕಥೆ ಚೆನ್ನಾಗಿದೆ," ಅಂದ ಪ್ರದ್ಯುಮ್ನ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಸಾಕ್ಷಿ ಎಲ್ಲಿ?"

"ಸಾಕ್ಷಿನ ನೀವೇ ಗಾಜಿನ ಪೆಟ್ಟಿಗೇಲಿ ಬೀಗ ಹಾಕಿ ಇಟ್ಟಿದ್ದೀರಲ್ಲ," ಅಂದೆ.

ಹಾಲ್ ಮಧ್ಯದಲ್ಲಿ, ಕೆಳಗಿಂದ ದೀಪ ಹಾಕಿದ ಪೆಟ್ಟಿಗೆಯೊಳಗೆ ಆ ಫೋಟೋದ ಮೂಲ ಪ್ಲೇಟು, ಅಂದ್ರೆ ಗಾಜಿನ ನೆಗೆಟಿವ್, ಇತ್ತು. ಸಿಕ್ಕ ದಿನದಿಂದ ತಾನು ಬಿಟ್ಟು ಇನ್ಯಾರೂ ಇದನ್ನ ಮುಟ್ಟಿಲ್ಲ ಅಂತ ಪ್ರದ್ಯುಮ್ನ ಪೇಪರಿನವರ ಮುಂದೆ ಜಂಭ ಕೊಚ್ಚಿಕೊಂಡಿದ್ದ. ಪಾಪ, ಅವನ ಜಂಭವೇ ನನಗೆ ಅರ್ಧ ಕೆಲಸ ಮಾಡಿಕೊಟ್ಟಿದೆ.

"ಯಾರೂ ಹತ್ತಿರ ಹೋಗ್ಬೇಡಿ," ಅಂದೆ. "ಸತ್ಯವತಿ ಅಮ್ಮ, ಈ ಪ್ಲೇಟು ನೀವು ಕೊನೇ ಸಲ ನೋಡಿದ್ದು ಯಾವಾಗ?"

"ಸ್ಟುಡಿಯೋ ಬಿಟ್ಟಾಗ. ನನ್ನ ತಲೆಗೂದಲು ಕಪ್ಪಗಿದ್ದಾಗ."

"ಇಲ್ಲಿಂದಲೇ ಹೇಳಿ. ಅದರಲ್ಲಿ ಏನು ಕಾಣುತ್ತೆ?"

ಅವರು ಕಣ್ಣು ಮುಚ್ಚಿದರು. ಬಲಗೈಯ ಎರಡು ಬೆರಳು ಸೂಜಿ ಹಿಡಿದ ಹಾಗೆ ಕೂಡಿಕೊಂಡವು.

"ಕುಂಕುಮ ಹೆರೀತಾ ಇದ್ದೆ. ಯಾರೋ ಧಡ್ ಅಂತ ಬಾಗಿಲು ಬಡಿದ್ರು. ಕೈ ಜಾರ್ತು. ಕುಂಕುಮದಿಂದ ಬೈತಲೆ ಕಡೆಗೆ ಸಣ್ಣಗೆ ಒಂದು ಗೀರು ಬಿತ್ತು, ಬಾಲದ ಹಾಗೆ. ಎದೆ ಒಡೆದುಹೋಯ್ತು ನನಗೆ. ಆಮೇಲೆ ಸೀಸದ ಕಡ್ಡಿ ಚೂಪು ಮಾಡಿ, ಆ ಗೀರಿನ ಮೇಲೆ ಚುಕ್ಕೆ ಚುಕ್ಕೆ ಇಟ್ಟು ಮುಚ್ಚಿದೆ. ಫೋಟೋದಲ್ಲಿ ಅದು ಕಾಣಲ್ಲ. ಪ್ಲೇಟಲ್ಲಿ ಕಾಣುತ್ತೆ."

ಪ್ರೊಫೆಸರು ಪೆಟ್ಟಿಗೆ ಪಕ್ಕದಲ್ಲಿ ಸರಪಳಿಗೆ ಕಟ್ಟಿದ್ದ ಭೂತಗನ್ನಡಿ ತಗೊಂಡು ಬಗ್ಗಿದರು. ನಿನ್ನೆ ನನಗೆ ಆ ಭೂತಗನ್ನಡಿ ಹಿಡಿದು ನೋಡೋಕೆ ಕಾವಲುಗಾರ ಬಿಟ್ಟಿರಲಿಲ್ಲ. ಅಜ್ಜಿಯ ಮಾತಿನ ಮೇಲೆ ನಂಬಿಕೆ ಇಟ್ಟೇ ಬಂದಿದ್ದೆ.

ಪ್ರೊಫೆಸರು ಬಗ್ಗಿದವರು ಏಳಲೇ ಇಲ್ಲ.

"ಸಾರ್?" ಅಂದೆ.

"ಹಣೆ ಮಧ್ಯೆ ಬೆಳಕಿನ ಚುಕ್ಕೆ ಇದೆ. ಹೆರೆದದ್ದೇ. ಸುತ್ತ ಸೂಜಿ ಗುರುತು," ಅಂದರು ನಿಧಾನವಾಗಿ. "ಅದರ ಮೇಲಕ್ಕೆ ಒಂದು ಗೀರು. ಗೀರಿನ ತುಂಬಾ ಪೆನ್ಸಿಲ್ ಚುಕ್ಕೆಗಳು." ಆಮೇಲೆ ಎದ್ದು ನಿಂತು, ಅಷ್ಟು ಜನರ ಎದುರು ಸತ್ಯವತಿಗೆ ಕೈ ಮುಗಿದರು.

ಯಾರೋ ಒಬ್ಬರು ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ.

"ನಿಲ್ಲಿಸಿ, ನಿಲ್ಲಿಸಿ!" ಪ್ರದ್ಯುಮ್ನ ಕೈಯೆತ್ತಿದ. ನಗು ಈಗ ಪೂರ್ತಿ ಹೋಗಿತ್ತು. "ಟಚಿಂಗ್ ಇವರೇ ಮಾಡಿದ್ದು, ಒಪ್ಕೋತೀನಿ. ಪ್ಲೇಟು ಪ್ಯಾನ್ ಅಂತಾನೂ ಒಪ್ಕೋತೀನಿ. ಆದ್ರೆ 58ರಲ್ಲೂ ಪ್ಯಾನ್ ಪ್ಲೇಟು ಬೆಂಗಳೂರಲ್ಲಿ ಸಿಗ್ತಿತ್ತು. ತಾತನೇ ತಂದು ತೆಗೆದಿರಬಹುದು. ಇವರು ಆಮೇಲೆ ಯಾವಾಗಲೋ ಹೆರೆದಿರಬಹುದು!"

ಮುಳುಗೋನಿಗೆ ಹುಲ್ಲುಕಡ್ಡಿ. ಆದ್ರೆ ಈ ಕಡ್ಡೀನೂ ನಾನು ನಿನ್ನೆಯೇ ಮುರಿದಿಟ್ಟಿದ್ದೆ.

"ವೀರಬಸಪ್ಪನವರೇ, ಆ ಮೂಲೆಯಲ್ಲಿರೋ ಬೋರ್ಡು ಸ್ವಲ್ಪ ಗಟ್ಟಿಯಾಗಿ ಓದ್ತೀರಾ?"

ಮೂಲೆಯಲ್ಲಿ ಗಾಜಿನ ಗೂಡಿನೊಳಗೆ ಕೆಂಪು ಗಾಜಿನ ಹಳೇ ದೀಪವೊಂದಿತ್ತು. ವೀರಬಸಪ್ಪನವರು ಗಂಟಲು ಸರಿಮಾಡಿಕೊಂಡು, ಠಾಣೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದಿದರು.

"ನನ್ನ ತಾತ ಸೇತುರಾಮಯ್ಯನವರು, 1908ರಿಂದ 1961. ಅವರು ತಮ್ಮ ಜೀವಮಾನವಿಡೀ, ಕೊನೆಯ ದಿನದವರೆಗೆ, ಪ್ರತಿಯೊಂದು ಪ್ಲೇಟನ್ನೂ ಕತ್ತಲೆ ಕೋಣೆಯಲ್ಲಿ ಇದೇ ಕೆಂಪು ದೀಪದ ಬೆಳಕಿನಲ್ಲಿ ತಾವೇ ತೊಳೆದು ಚಿತ್ರ ಮೂಡಿಸಿದರು. ಬರೆದವರು, ಪ್ರದ್ಯುಮ್ನ." ಓದಿ ಮುಗಿಸಿ ನನ್ನ ಕಡೆ ತಿರುಗಿದರು. "ಇದರಾಗೇನೈತ್ರಿ ಮೇಡಂ?"

ನಾನು ಉತ್ತರ ಕೊಡೋ ಮುಂಚೆ ಪ್ರೊಫೆಸರೇ ಹಣೆ ಚಚ್ಚಿಕೊಂಡರು. "ಏನ್ರೀ ಪ್ರದ್ಯುಮ್ನ! ಕೆಂಪು ಕಾಣದ ಪ್ಲೇಟನ್ನ ಕೆಂಪು ದೀಪದಲ್ಲಿ ತೊಳೀಬಹುದು. ಕೆಂಪು ಕಾಣೋ ಪ್ಲೇಟನ್ನ ಆ ದೀಪದ ಕೆಳಗೆ ತಂದ್ರೆ ಬೆಳಕು ತಗುಲಿ ಪೂರ್ತಿ ಹಾಳಾಗುತ್ತೆ. ಈ ನಗುವೂ ಉಳೀತಿರ್ಲಿಲ್ಲ, ಪೋಸ್ಟ್ ಡಬ್ಬವೂ ಉಳೀತಿರ್ಲಿಲ್ಲ. ನಿಮ್ಮ ತಾತ ಈ ಪ್ಲೇಟು ತೊಳೆದಿಲ್ಲ ಅಂತ ನೀವೇ ಬೋರ್ಡು ಬರೆದು ಹಾಕಿದ್ದೀರಲ್ರೀ!"

"ಅವರಿಗೆ ಕತ್ತಲಲ್ಲಿ ಕೆಲಸ ಮಾಡೋದು ಅಂದ್ರೆ ಆಗ್ತಿರ್ಲಿಲ್ಲ," ಅಂದರು ಸತ್ಯವತಿ ಮೆತ್ತಗೆ. "ಕಣ್ಣಿಗೆ ಕಾಣದ ಕೆಲಸ ಕಳ್ಳನ ಕೆಲಸ ಅಂತಿದ್ರು. ಕೊನೆವರೆಗೂ ಪ್ಯಾನ್ ಮುಟ್ಟಲಿಲ್ಲ. ನಾನು ಮಾತ್ರ ಕಗ್ಗತ್ತಲಲ್ಲಿ ಕೂತು ತೊಳೆದೆ. ಗಡಿಯಾರ ಕಾಣಲ್ವಲ್ಲ, ಲಲಿತಾ ಸಹಸ್ರನಾಮ ಹೇಳ್ಕೋತಿದ್ದೆ. ಯಾವ ಶ್ಲೋಕಕ್ಕೆ ಪ್ಲೇಟು ತೆಗೀಬೇಕು ಅಂತ ಲೆಕ್ಕ ಇಟ್ಟಿದ್ದೆ. ಫೋಟೋ ಹಾಳಾದ್ರೂ ಪುಣ್ಯ ಗ್ಯಾರಂಟಿ ಅಂತ ನಿಮ್ಮಜ್ಜಿ ನಗ್ತಿದ್ರು."

"ಮತ್ತೆ ಆಕೆ ಯಾಕೆ ಹಾಗೆ ನಗ್ತಿದ್ದಾಳೆ ದೊಡ್ಡಜ್ಜಿ?" ಪ್ರಿಯಂವದಾ ಗೋಡೆಯ ಕಡೆ ತೋರಿಸಿ ಕೇಳಿದಳು.

"ನನ್ನ ನೋಡಿ ಕಣೇ! ಆ ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆ ಒಳಗೆ ತಲೆ ತೂರಿಸಿದ್ದೆ. ಹೆಣ್ಣು ಹೆಂಗಸು ಸೀರೆ ಉಟ್ಕೊಂಡು ಹಿಂಗೆ ಬಗ್ಗಿ ನಿಂತಿದ್ದಾಳಲ್ಲ, ಇದೇನು ಕರಡಿ ಕುಣಿತವಾ ಅಂತ ಆಕೆಗೆ ನಗು ತಡೆಯೋಕೇ ಆಗ್ಲಿಲ್ಲ. ನಾನು ಒಳಗಿಂದಲೇ, ಹಂಗೇ ನಗು ತಾಯಿ, ನಿಲ್ಲಿಸ್ಬೇಡ ಅಂತ ಕೂಗಿದೆ."

ಎಲ್ಲರೂ ಆ ದೊಡ್ಡ ಫೋಟೋ ಕಡೆ ತಿರುಗಿದರು. ಆ ಹೆಂಗಸು ಕ್ಯಾಮೆರಾ ನೋಡಿ ನಗ್ತಿಲ್ಲ. ಕ್ಯಾಮೆರಾದ ಹಿಂದಿನ ಹುಡುಗಿಯನ್ನ ನೋಡಿ ನಗ್ತಿದ್ದಾಳೆ. ಗೊತ್ತಾದ ಮೇಲೆ ಆ ಫೋಟೋನ ಬೇರೆ ಥರ ನೋಡೋಕೆ ಸಾಧ್ಯವೇ ಇಲ್ಲ. ಸತ್ಯ ಹೇಳ್ತೀನಿ, ನನ್ನ ಕಣ್ಣು ತುಂಬಿ ಬಂತು. ಪತ್ತೇದಾರರೂ ಮನುಷ್ಯರೇ ಅಲ್ವಾ.

ಪ್ರದ್ಯುಮ್ನ ಅಲ್ಲೇ ಇದ್ದ ಕುರ್ಚಿ ಮೇಲೆ ಕುಸಿದ.

"58 ಅಂತ ಬರೆದದ್ದು ನಾನೇ," ಅಂದ. "ಎಲ್ಲರೂ ಆ ಒಂದು ಫೋಟೋ ಕೇಳ್ಕೊಂಡೇ ಬರ್ತಿದ್ರು. ಅದು ತಾತಂದಲ್ಲ ಅಂದ್ರೆ ತಾತನ ಹೆಸರಲ್ಲಿ ಗ್ಯಾಲರಿಗೆ ಯಾರು ಬರ್ತಾರೆ?"

"ಯಾಕೆ ಬರಲ್ಲ?" ಸತ್ಯವತಿ ಅವನ ಮುಂದೆ ಹೋಗಿ ನಿಂತರು. "ನನಗೆ ಕ್ಯಾಮೆರಾ ಹಿಡಿಯೋದು ಹೇಳಿಕೊಟ್ಟಿದ್ದೇ ಅವರು. ಅವರ ಹೆಸರು ಬಾಗಿಲ ಮೇಲೆ ಇರ್ಲಿ. ನನ್ನ ಹೆಸರು ನನ್ನ ಫೋಟೋ ಕೆಳಗೆ ಇರ್ಲಿ. ಇದರಲ್ಲಿ ಜಗಳ ಏನಿದೆ?"

ಪ್ರೊಫೆಸರು ಹೊರಗೆ ಹೋಗಿ ಕತ್ತರಿಯ ತಟ್ಟೆ ತಾವೇ ಹಿಡ್ಕೊಂಡು ಬಂದರು. "ಅಮ್ಮಾ, ಇದು ನನ್ನ ಕೆಲಸ ಅಲ್ಲ. ನಿಮ್ಮದು."

ಪುಸ್ತಕದ ಕಟ್ಟುಗಳು ಬಿಚ್ಚದೇ ಹಾಗೇ ವಾಪಸ್ ಗಾಡಿ ಹತ್ತಿದವು. ಮುಖಪುಟ ಮತ್ತೆ ಅಚ್ಚು ಹಾಕಿಸ್ತೀನಿ ಅಂತ ಪ್ರದ್ಯುಮ್ನ ಎಲ್ಲರೆದುರು ಮಾತು ಕೊಟ್ಟ. ಪ್ರಿಯಂವದಾ ಒಂದು ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ "ಛಾಯಾಚಿತ್ರ: ಸತ್ಯವತಿ, 1964" ಅಂತ ಬರೆದು, ಸೇತುರಾಮಯ್ಯನವರ ಹೆಸರಿದ್ದ ಚೀಟಿಯ ಮೇಲೆ ಅಂಟಿಸಿದಳು. ಸತ್ಯವತಿ ಅದನ್ನ ಓದಿದರು. ಬೆರಳಿಂದ ಮುಟ್ಟಿ ಇನ್ನೊಂದು ಸಲ ಓದಿದರು. ಆಮೇಲೆ ಬಾಗಿಲಿಗೆ ಬಂದು ಕಚಕ್ ಅಂತ ರಿಬ್ಬನ್ ಕತ್ತರಿಸಿದರು. ನಾಗಸ್ವರದವರು ಇಷ್ಟು ಹೊತ್ತು ತಡೆದಿಟ್ಟಿದ್ದನ್ನೆಲ್ಲಾ ಒಂದೇ ಸಲ ಊದಿಬಿಟ್ಟರು. ಹೆಬ್ಬಾಳ ಕೆರೆಯವರೆಗೂ ಕೇಳಿಸಿರಬೇಕು.

"ಗೆದ್ವಿ ನೋಡ್ರಿ ಮೇಡಂ!" ವೀರಬಸಪ್ಪನವರು ಮೀಸೆ ತಿರುವಿದರು. "ಪೇಡೆ ತರಸ್ರಿ ಈಗ!"

"ತರಿಸೋಣ, ತಡೀರಿ."

ಜನ ಸತ್ಯವತಿಯ ಕಾಲು ಮುಟ್ಟಲು ಸಾಲುಗಟ್ಟಿದ್ದರು. ಸೆಲ್ಫಿ ಅಂದವರಿಗೆಲ್ಲಾ ಅವರು, "ಬೆಳಕಿಗೆ ಬೆನ್ನು ಹಾಕ್ಬೇಡಿ, ಈ ಕಡೆ ತಿರುಗಿ," ಅಂತ ಗದರುತ್ತಿದ್ದರು. ಇಪ್ಪತ್ತರ ಹುಡುಗಿಯ ಹುರುಪು ಮುಖದಲ್ಲಿ. ಅದರ ನಡುವೆಯೇ ಪ್ರದ್ಯುಮ್ನನನ್ನ ಹತ್ತಿರ ಕರೆದರು.

"ಅಲ್ಲಪ್ಪ, ನಾನು ತೆಗೆದದ್ದು ಇದೊಂದೇನಾ? ಪೆಟ್ಟಿಗೆಗಟ್ಟಲೆ ಪ್ಲೇಟು ಇತ್ತಲ್ಲ. ಜಾತ್ರೆ, ಮದುವೆ, ಮಳೆ ನಿಂತ ಮೇಲಿನ ಯಲಹಂಕ ಕೆರೆ. ಅವೆಲ್ಲಾ ಎಲ್ಲಿ?"

ಪ್ರದ್ಯುಮ್ನ ನನ್ನ ಮುಖ ನೋಡಿದ.

"ಹೇಳ್ರಿ," ಅಂದೆ. "ಇವತ್ತು ನಿಮ್ಮ ಬಾಯಿಂದ ಬರಬೇಕಾದ್ದೆಲ್ಲಾ ಬಂದುಬಿಡಲಿ."

"ನನ್ನ ಹತ್ತಿರ ಇಲ್ಲ. ಹೋದ ತಿಂಗಳು ಒಬ್ರು ಬಂದು ತಗೊಂಡು ಹೋದ್ರು."

"ಯಾರು?"

"ತಾತ ಹೋದ ಮೇಲಿನ ಪೆಟ್ಟಿಗೆಗಳು ಎಷ್ಟು, ಯಾವುದರಲ್ಲಿ ಏನಿದೆ, ಎಲ್ಲಾ ಗೊತ್ತಿತ್ತು ಅವರಿಗೆ. ಮುಚ್ಚಳ ತೆಗೆಯೋಕೆ ಮುಂಚೆನೇ ಹೇಳಿದ್ರು. ಇದೆಲ್ಲಾ ನಮ್ಮಮ್ಮಂದು, ಸುಮ್ನೆ ಕೊಟ್ಬಿಡಿ, ಈ ಸೀಬೆಹಣ್ಣಿಂದು ಮಾತ್ರ ನೀವು ಇಟ್ಕೊಳ್ಳಿ, ಅದರ ಬಗ್ಗೆ ನಾನು ಬಾಯಿ ಬಿಡಲ್ಲ ಅಂದ್ರು. ನಾನೂ ಒಪ್ಕೊಂಡೆ."

"ನಮ್ಮಮ್ಮಂದು ಅಂದ್ರೆ?"

"ಸತ್ಯವತಿಯವರ ಮಗ ನಾನು ಅಂದ್ರು."

ಪ್ರಿಯಂವದಾ ಪಕ್ಕನೆ ನಕ್ಕಳು. "ದೊಡ್ಡಜ್ಜಿಗೆ ಮಗನಾ? ಅವರಿಗೆ ಮದುವೆನೇ ಆಗಿಲ್ಲ ಕಣ್ರೀ! ಯಾರೋ ಪಕ್ಕಾ ಕಳ್ಳ ನಿಮಗೆ ಟೋಪಿ ಹಾಕಿದ್ದಾನೆ."

ನಾನೂ ನಗುತ್ತಲೇ ಸತ್ಯವತಿ ಕಡೆ ತಿರುಗಿದೆ, ಅವರೂ ನಗ್ತಿರ್ತಾರೆ ಅಂತ. ಅವರು ನಗ್ತಿರಲಿಲ್ಲ. ಇನ್ನೂ ಕೈಯಲ್ಲೇ ಇದ್ದ ಕತ್ತರಿಯನ್ನ ತಟ್ಟೆಗಿಟ್ಟು, ಪ್ರದ್ಯುಮ್ನನ ಕಡೆ ತಿರುಗಿದರು.

"ಎಷ್ಟು ವಯಸ್ಸಿರ್ಬಹುದು ಅವನಿಗೆ?" ಅಂತ ಕೇಳಿದರು.

"ಅರವತ್ತರ ಹತ್ತಿರ."

"ಹೆಸರು ಹೇಳಿದ್ನಾ?"

"ಹೇಳಿದ್ರು. ಸಮರ್ಥ ಅಂತ."

ಸತ್ಯವತಿ ನನ್ನ ಭುಜ ಹಿಡಿದುಕೊಂಡರು. ನಾಗಸ್ವರದ ಗದ್ದಲದಲ್ಲಿ ಅವರ ಮಾತು ಕೇಳಿಸಿಕೊಳ್ಳೋಕೆ ನಾನು ಬಗ್ಗಬೇಕಾಯ್ತು.

"ಹೆತ್ತ ಮಗೂಗೆ ಆ ಹೆಸರು ನಾನೇ ಇಟ್ಟಿದ್ದು ಕಣಮ್ಮ," ಅಂದರು. "ಆಮೇಲೆ ಮಗು ಉಳೀಲಿಲ್ಲ ಅಂತ ನನಗೆ ಹೇಳಿದ್ರು."